ಬೈಲಹೊಂಗಲದ ಸೆರೆಯವರೆಗೆ: ಕಿತ್ತೂರು ರಾಣಿ ಚೆನ್ನಮ್ಮನ ಬದುಕು

ಬೆಳಗಾವಿಯಿಂದ ಧಾರವಾಡದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ ಕಿತ್ತೂರಿದೆ. ಅದೇ ಹೆದ್ದಾರಿಯಲ್ಲಿ ಬೆಳಗಾವಿಯನ್ನು ದಾಟಿ ಉತ್ತರಕ್ಕೆ ಹೊರಟರೆ ಕೆಲವೇ ನಿಮಿಷಗಳಲ್ಲಿ ಕಾಕತಿ ಗ್ರಾಮ ಎದುರಾಗುತ್ತದೆ. ಚೆನ್ನಮ್ಮ ಹುಟ್ಟಿದ ಊರು ಮತ್ತು ಆಕೆ ಕಾದಾಡಿದ ಕೋಟೆ ಎರಡೂ ಹೀಗೆ ದಾರಿಹೋಕರ ಕಣ್ಣಿಗೆ ಬೀಳುವಂತಿವೆ. ಆದರೆ ಬದುಕಿನ ಕೊನೆಯ ನಾಲ್ಕು ವರ್ಷಗಳನ್ನು ಸೆರೆಯಲ್ಲಿ ಕಳೆದು ಆಕೆ ಕಣ್ಣುಮುಚ್ಚಿದ ಬೈಲಹೊಂಗಲ ಮಾತ್ರ ಹೆದ್ದಾರಿಯನ್ನು ಬಿಟ್ಟು ಒಳನಾಡಿನ ಎರೆಭೂಮಿಯ ನಡುವೆ ಇದೆ.

ಚೆನ್ನಮ್ಮನ ಕಥೆಯನ್ನು ಹೇಳುವವರೂ ಬಹುಮಟ್ಟಿಗೆ ಕಿತ್ತೂರಿನಲ್ಲಿಯೇ ನಿಂತುಬಿಡುತ್ತಾರೆ. ಕುದುರೆಯ ಮೇಲೆ ಕತ್ತಿ ಹಿರಿದ ರಾಣಿಯ ಚಿತ್ರ ಕನ್ನಡಿಗರ ಮನಸ್ಸಿನಲ್ಲಿ ಅಚ್ಚೊತ್ತಿದೆ. ಆ ಚಿತ್ರ 1824ರ ಅಕ್ಟೋಬರ್ ತಿಂಗಳ ಒಂದು ದಿನದ್ದು. ಆ ದಿನಕ್ಕೆ ಮುನ್ನ ಆಕೆ ಎದುರಿಸಿದ ಸಾವುಗಳು, ಆ ದಿನದ ನಂತರ ತೋರಿದ ಸಂಯಮ ಮತ್ತು ಸೋಲಿನ ಬಳಿಕ ತಳೆದ ಸ್ಥೈರ್ಯಗಳನ್ನು ಬಿಟ್ಟು ನೋಡಿದರೆ ಆಕೆಯ ಧೈರ್ಯದ ಪೂರ್ಣ ಪರಿಚಯ ಆಗುವುದಿಲ್ಲ.

ಕಾಕತಿಯಿಂದ ಕಿತ್ತೂರಿಗೆ

ಚೆನ್ನಮ್ಮ ಜನಿಸಿದ್ದು 1778ರಲ್ಲಿ. ತಂದೆ ಕಾಕತಿಯ ಧೂಳಪ್ಪಗೌಡ ದೇಸಾಯಿ. ದೇಸಗತಿ ಮನೆತನಗಳ ಹೆಣ್ಣುಮಕ್ಕಳಿಗೆ ಓದುಬರಹದ ಜೊತೆಗೆ ಕುದುರೆ ಸವಾರಿ, ಕತ್ತಿವರಸೆ, ಬಿಲ್ಲುವಿದ್ಯೆಗಳನ್ನು ಕಲಿಸುವುದು ಆ ಕಾಲದಲ್ಲಿ ಅಪರೂಪವೇನೂ ಆಗಿರಲಿಲ್ಲ. ಅರಾಜಕತೆಯ ದಿನಗಳವು. ಪೇಶ್ವೆಯರು, ಮೈಸೂರಿನ ಹೈದರ್ ಮತ್ತು ಟಿಪ್ಪು, ಹೈದರಾಬಾದಿನ ನಿಜಾಮ ಹಾಗೂ ಈಸ್ಟ್ ಇಂಡಿಯಾ ಕಂಪನಿ ಈ ಎಲ್ಲರ ಕಣ್ಣೂ ಮಲಪ್ರಭೆ, ಘಟಪ್ರಭೆಗಳ ನಡುವಿನ ಫಲವತ್ತಾದ ನೆಲದ ಮೇಲಿತ್ತು. ಸಣ್ಣ ಸಂಸ್ಥಾನಗಳು ಒಬ್ಬರಿಗೆ ಕಪ್ಪ ಕೊಟ್ಟು ಇನ್ನೊಬ್ಬರಿಂದ ಉಳಿದುಕೊಳ್ಳಬೇಕಾಗಿತ್ತು.

ಕಿತ್ತೂರು ಅಂಥ ಸಂಸ್ಥಾನಗಳಲ್ಲಿ ಒಂದು. 1585ರ ಸುಮಾರಿಗೆ ಸಾಗರದ ಕಡೆಯಿಂದ ಬಂದ ಹಿರೇಮಲ್ಲ ಮತ್ತು ಚಿಕ್ಕಮಲ್ಲ ಎಂಬ ಸೋದರರು ಬಿಜಾಪುರದ ಆದಿಲ್‌ಶಾಹಿಗಳ ಸೇವೆಯಲ್ಲಿ ಹೆಸರು ಗಳಿಸಿ ಸಂಪಗಾವಿಯಲ್ಲಿ ನೆಲೆನಿಂತರು. ಅವರ ವಂಶಜರು ಮುಂದೆ ಕಿತ್ತೂರಿಗೆ ಬಂದು ಕೋಟೆ ಕಟ್ಟಿ ಆಳಿದರು. ಆ ಮನೆತನದ ಅತ್ಯಂತ ಸಮರ್ಥ ದೊರೆ ಮಲ್ಲಸರ್ಜ ಪಟ್ಟಕ್ಕೆ ಬಂದದ್ದು 1782ರಲ್ಲಿ. ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಕಬ್ಬಾಳದುರ್ಗದಲ್ಲಿ ಬಂಧಿಯಾಗಿದ್ದು, ಅಲ್ಲಿಂದ ತಪ್ಪಿಸಿಕೊಂಡು ಬಂದು ಮತ್ತೆ ರಾಜ್ಯ ಕಟ್ಟಿದವನು ಆತ.

ಮಲ್ಲಸರ್ಜನ ಹಿರಿಯ ರಾಣಿ ತಲ್ಲೂರು ದೇಸಾಯಿ ಮನೆತನದ ರುದ್ರಮ್ಮ. ಚೆನ್ನಮ್ಮ ಕಿರಿಯ ರಾಣಿಯಾಗಿ ಆ ಅರಮನೆಯನ್ನು ಸೇರಿದಳು. ಕಾಕತಿಯ ಬಳಿ ಹುಲಿಯ ಬೇಟೆಗೆ ಬಂದ ದೊರೆಯೂ ಈಕೆಯೂ ಒಂದೇ ಹುಲಿಗೆ ಗುರಿಯಿಟ್ಟರೆಂಬ ಕಥೆಯನ್ನು ಲಾವಣಿಕಾರರು ಇಂದಿಗೂ ಹಾಡುತ್ತಾರೆ. ಅದು ದಂತಕಥೆಯಾದರೂ, ಈ ಹೆಣ್ಣು ಅಂತಃಪುರಕ್ಕಷ್ಟೇ ಸೀಮಿತಳಾಗಿರಲಿಲ್ಲ ಎಂಬ ಜನರ ನಂಬಿಕೆ ಅದರಲ್ಲಿದೆ.

ಒಂದರ ಮೇಲೊಂದು ಸಾವು

1816ರಲ್ಲಿ ಮಲ್ಲಸರ್ಜ ತೀರಿಕೊಂಡನು. ಎರಡನೆಯ ಬಾಜಿರಾವ್ ಪೇಶ್ವೆ ಆತನನ್ನು ಪುಣೆಗೆ ಒಯ್ದು ಬಂಧನದಲ್ಲಿ ಇರಿಸಿದ್ದನು. ಕಾಯಿಲೆಯಿಂದ ಜರ್ಜರಿತನಾದ ದೊರೆ ಬಿಡುಗಡೆಯಾಗಿ ಊರಿಗೆ ಮರಳುವಾಗ ಪ್ರಾಣಬಿಟ್ಟನು. ಚೆನ್ನಮ್ಮನಿಗೆ ಆಗ ನಲವತ್ತರ ಆಸುಪಾಸು. ಆಕೆ ಹೆತ್ತ ಮಗನೂ ಉಳಿಯಲಿಲ್ಲ. ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟವೇರಿದನು. ಮಲಮಗನ ಆಳ್ವಿಕೆಯ ಬೆನ್ನಿಗೆ ನಿಂತು ಸಂಸ್ಥಾನದ ಆಗುಹೋಗುಗಳನ್ನು ನೋಡಿಕೊಳ್ಳುವ ಹೊಣೆ ಚೆನ್ನಮ್ಮನ ಹೆಗಲಿಗೆ ಬಂತು.

ಈ ಅವಧಿಯಲ್ಲಿ ಕಿತ್ತೂರು ಕಂಪನಿಯ ಶತ್ರುವಾಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. 1818ರಲ್ಲಿ ಥಾಮಸ್ ಮನ್ರೋ ಪೇಶ್ವೆಯ ವಶದಲ್ಲಿದ್ದ ಬೆಳಗಾವಿ ಕೋಟೆಯನ್ನು ಮುತ್ತಿದಾಗ ಕಿತ್ತೂರು ಇಂಗ್ಲಿಷರ ಪಕ್ಷ ವಹಿಸಿತ್ತು. ಪೇಶ್ವೆಯ ಕೈಯಲ್ಲಿ ದೊರೆಯನ್ನು ಕಳೆದುಕೊಂಡಿದ್ದ ಸಂಸ್ಥಾನಕ್ಕೆ ಅದು ಸಹಜವಾದ ನಿರ್ಧಾರ. ಪ್ರತಿಯಾಗಿ ಕಂಪನಿಯು ಖಾನಾಪುರದ ಭಾಗವನ್ನು ಪಡೆದುಕೊಂಡು, ವಾರ್ಷಿಕ ಕಪ್ಪವನ್ನು ಗೊತ್ತುಪಡಿಸಿ, ದೇಸಾಯಿಯ ಆಡಳಿತವನ್ನು ಮಾನ್ಯಮಾಡಿ ಸನದು ನೀಡಿತು. ಆ ಸನದು ವಂಶಪಾರಂಪರ್ಯವಾದದ್ದು ಎಂದು ಕಿತ್ತೂರು ತಿಳಿದಿತ್ತು. ಆರೇ ವರ್ಷಗಳಲ್ಲಿ ಆ ತಿಳಿವಳಿಕೆ ಪರೀಕ್ಷೆಗೆ ಒಳಗಾಯಿತು.

1824ರ ಸೆಪ್ಟೆಂಬರ್ 11ರಂದು ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ನಿಧನನಾದನು. ಸಾಯುವ ಮುನ್ನ ಮಾಸ್ತಮರಡಿ ಗೌಡರ ಮನೆತನದ ಬಾಲಕನನ್ನು ದತ್ತು ಪಡೆದಿದ್ದನು. ಶಿವಲಿಂಗಪ್ಪ ಎಂಬ ಆ ಎಳೆಯ ಬಾಲಕನೇ ಕಿತ್ತೂರಿನ ಉತ್ತರಾಧಿಕಾರಿಯಾದನು. ವಿಧವೆಯಾದ ಸೊಸೆ ವೀರಮ್ಮ, ಹಾಲುಗಲ್ಲದ ಮೊಮ್ಮಗ, ಬರಿದಾದ ಗಾದಿ ಇಷ್ಟನ್ನು ಎದುರಿಗಿಟ್ಟುಕೊಂಡು 46ರ ವಯಸ್ಸಿನಲ್ಲಿ ಚೆನ್ನಮ್ಮ ಸಂಸ್ಥಾನದ ಚುಕ್ಕಾಣಿ ಹಿಡಿದಳು.

ದತ್ತಕದ ಪ್ರಶ್ನೆ

ಧಾರವಾಡದಲ್ಲಿ ಆಗ ಪ್ರಿನ್ಸಿಪಲ್ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಆಗಿದ್ದವನು ಸೇಂಟ್ ಜಾನ್ ಥ್ಯಾಕರೆ. ಮುಂದೆ ಇಂಗ್ಲಿಷ್ ಕಾದಂಬರಿಕಾರನಾಗಿ ಪ್ರಸಿದ್ಧನಾದ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪನೀತ. ದತ್ತು ಸ್ವೀಕಾರವನ್ನು ತಿಳಿಸುವ ಪತ್ರ ಆತನ ಕೈ ಸೇರಿದ್ದು ದೊರೆಯ ಮರಣದ ನಂತರ. ಪತ್ರದಲ್ಲಿನ ಸಹಿ ದೊರೆಯದೇ ಎಂಬ ಬಗ್ಗೆ ಅನುಮಾನ ವ್ಯಕ್ತಪಡಿಸಿದ ಥ್ಯಾಕರೆ, ಕಂಪನಿಯ ಪೂರ್ವಾನುಮತಿ ಇಲ್ಲದೆ ನಡೆದ ದತ್ತು ಸಿಂಧುವಲ್ಲವೆಂದು ನಿಲುವು ತಳೆದನು.

ಹಿಂದೂ ಧರ್ಮಶಾಸ್ತ್ರದ ಪ್ರಕಾರ ಮಕ್ಕಳಿಲ್ಲದವನು ದತ್ತು ಪಡೆಯುವುದು ಮನೆತನದ ಹಕ್ಕು. ಕಂಪನಿಯ ದೃಷ್ಟಿಯಲ್ಲಾದರೋ ದೇಸಾಯಿಯ ರಾಜ್ಯ ತಾನು ಕೊಟ್ಟ ಸನದಿನ ಬಲದಿಂದ ನಿಂತದ್ದು. ವಾರಸುದಾರ ಇಲ್ಲವಾದರೆ ಅದು ತನಗೇ ಮರಳಬೇಕು. ಡಾಲ್‌ಹೌಸಿ 1848ರ ನಂತರ ಸಾತಾರಾ, ನಾಗಪುರ, ಝಾನ್ಸಿಗಳ ಮೇಲೆ ಹೇರಿದ ದತ್ತಕ ನಿರಾಕರಣೆಯ ನೀತಿಯನ್ನು ಕಿತ್ತೂರು ಅದಕ್ಕೆ 24 ವರ್ಷಗಳ ಮುಂಚೆಯೇ ಎದುರಿಸಬೇಕಾಯಿತು.

ಥ್ಯಾಕರೆ ಸುಮ್ಮನಿರಲಿಲ್ಲ. ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿ ಕಾವಲು ಇರಿಸಿದನು. ಸಂಸ್ಥಾನದ ಕಾರಭಾರಕ್ಕೆ ತನ್ನ ಕಡೆಯವರನ್ನು ನೇಮಿಸಿದನು. ಅರಮನೆಯ ಒಳಗಿನವರೇ ಕೆಲವರು ಕಂಪನಿಯ ಪರ ವಾಲಿದರು. ಮಲ್ಲಪ್ಪ ಶೆಟ್ಟಿ, ವೆಂಕಟರಾವ್ ಹವಾಲ್ದಾರ ಎಂಬ ಹೆಸರುಗಳು ಈ ಭಾಗದ ಜನಪದದಲ್ಲಿ ದ್ರೋಹಕ್ಕೆ ಪರ್ಯಾಯವಾಗಿ ಉಳಿದುಬಿಟ್ಟಿವೆ.

ಚೆನ್ನಮ್ಮ ಕೂಡಲೇ ಕತ್ತಿಗೆ ಕೈ ಹಾಕಲಿಲ್ಲ. ದತ್ತಕವನ್ನು ಮಾನ್ಯಮಾಡಬೇಕೆಂದು ಕೋರಿ ಪುಣೆಯಲ್ಲಿದ್ದ ದಖ್ಖನ್ ಕಮಿಷನರ್ ಚಾಪ್ಲಿನ್‌ಗೂ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ಗೂ ಮನವಿ ಕಳುಹಿಸಿದಳು. ಮನವಿಗಳು ಫಲ ಕೊಡಲಿಲ್ಲ. ಇತ್ತ ಸರದಾರ ಗುರುಸಿದ್ಧಪ್ಪನ ನೇತೃತ್ವದಲ್ಲಿ ಕೋಟೆಯ ರಕ್ಷಣೆಗೆ ಸಿದ್ಧತೆ ನಡೆಯಿತು. ಅಮಟೂರು ಬಾಳಪ್ಪ, ಸಂಗೊಳ್ಳಿ ರಾಯಣ್ಣ, ಅವರಾದಿ ವೀರಪ್ಪ ಮೊದಲಾದವರು ರಾಣಿಯ ಬೆಂಬಲಕ್ಕೆ ನಿಂತರು. ಇವರಲ್ಲಿ ಬಹುತೇಕರು ಸುತ್ತಲಿನ ಹಳ್ಳಿಗಳವರು. ಸಂಸ್ಥಾನಕ್ಕೆ ಸಲ್ಲಿಸುವ ಸೇವೆಗೆ ಪ್ರತಿಯಾಗಿ ಭೂಮಿ ಪಡೆದ ಶೇತಸನದಿಗಳೂ ಅವರ ನಡುವೆ ಇದ್ದರು. ಸಂಸ್ಥಾನ ಅಳಿದರೆ ಅವರ ಹೊಲವೂ ಉಳಿಯುವಂತಿರಲಿಲ್ಲ. ಕಿತ್ತೂರಿನ ಹೋರಾಟ ಅರಮನೆಯ ಗೋಡೆಗಳನ್ನು ದಾಟಿ ಹಳ್ಳಿಗಳನ್ನು ಮುಟ್ಟಿದ್ದಕ್ಕೆ ಇದೂ ಒಂದು ಕಾರಣ.

ಅಕ್ಟೋಬರ್ 23

ಅಕ್ಟೋಬರ್ ಮೂರನೆಯ ವಾರದಲ್ಲಿ ಥ್ಯಾಕರೆ ಕುದುರೆ ಫಿರಂಗಿದಳದ ತುಕಡಿಯೊಂದಿಗೆ ಕಿತ್ತೂರಿಗೆ ಬಂದು ಬೀಡುಬಿಟ್ಟನು. 1824ರ ಅಕ್ಟೋಬರ್ 23ರಂದು ಬೆಳಿಗ್ಗೆ ಕೋಟೆಯ ಬಾಗಿಲುಗಳು ಮುಚ್ಚಿದ್ದವು. ಬಾಗಿಲು ತೆರೆಯದಿದ್ದರೆ ಫಿರಂಗಿಯಿಂದ ಒಡೆಯುವುದಾಗಿ ಥ್ಯಾಕರೆ ಕೆಲವೇ ನಿಮಿಷಗಳ ಗಡುವು ವಿಧಿಸಿದನು.

ಗಡುವು ಮುಗಿಯುವ ಹೊತ್ತಿಗೆ ಬಾಗಿಲು ತೆರೆಯಿತು. ಆದರೆ ಹೊರಬಂದದ್ದು ಶರಣಾಗತಿಯ ಸಂದೇಶವಲ್ಲ, ಕಿತ್ತೂರಿನ ಸೈನ್ಯ. ಆ ಹಠಾತ್ ದಾಳಿಯನ್ನು ಕಂಪನಿಯ ತುಕಡಿ ತಾಳಿಕೊಳ್ಳಲಿಲ್ಲ. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಉರುಳಿದನು. ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟ್ ಡೈಟನ್ ಮೊದಲಾದ ಅಧಿಕಾರಿಗಳೂ ಹತರಾದರು. ಥ್ಯಾಕರೆಯ ಸಹಾಯಕರಾದ ವಾಲ್ಟರ್ ಇಲಿಯಟ್ ಮತ್ತು ಸ್ಟೀವನ್ಸನ್ ಸೆರೆಸಿಕ್ಕರು.

ಕಂಪನಿಯ ಹಿರಿಯ ಅಧಿಕಾರಿಯೊಬ್ಬ ಸಣ್ಣ ಸಂಸ್ಥಾನವೊಂದರ ಕೋಟೆಯ ಬಾಗಿಲಲ್ಲಿ ಸತ್ತ ಸುದ್ದಿ ಮುಂಬಯಿ, ಮದ್ರಾಸುಗಳನ್ನು ತಲ್ಲಣಗೊಳಿಸಿತು. ಅದೇ ವರ್ಷ ಬರ್ಮಾದೊಡನೆ ಯುದ್ಧಕ್ಕಿಳಿದಿದ್ದ ಕಂಪನಿಗೆ ಒಳನಾಡಿನಲ್ಲಿ ಇಂಥದೊಂದು ಸೋಲು ಹಬ್ಬುವುದು ಬೇಕಿರಲಿಲ್ಲ. ಉಳಿದ ಸಂಸ್ಥಾನಗಳು ಕಿತ್ತೂರಿನ ಹಾದಿ ಹಿಡಿಯುವ ಮುನ್ನ ದಂಗೆಯನ್ನು ಅಡಗಿಸುವುದು ಆಡಳಿತದ ಮೊದಲ ಕೆಲಸವಾಯಿತು.

ನಲವತ್ತು ದಿನಗಳ ಸಂಯಮ

ಗೆಲುವಿನ ಮರುದಿನದಿಂದ ಚೆನ್ನಮ್ಮನ ನಿಜವಾದ ಪರೀಕ್ಷೆ ಆರಂಭವಾಯಿತು ಎನ್ನಬಹುದು. ಇಲಿಯಟ್ ಮತ್ತು ಸ್ಟೀವನ್ಸನ್ ಆಕೆಯ ಕೈಯಲ್ಲಿದ್ದರು. ಯುದ್ಧದ ಕಾವಿನಲ್ಲಿ ಅವರ ತಲೆ ಉರುಳಿಸುವುದು ಸುಲಭವಾಗಿತ್ತು. ಆದರೆ ಆಕೆ ಅವರಿಗೆ ಕೂದಲೂ ಕೊಂಕದಂತೆ ನೋಡಿಕೊಂಡಳು. ಅಕ್ಟೋಬರ್ 23ರಿಂದ ಡಿಸೆಂಬರ್ 2ರವರೆಗೆ 40 ದಿನಗಳ ಕಾಲ ಅವರು ಕಿತ್ತೂರಿನ ಸೆರೆಯಲ್ಲಿ ಸುರಕ್ಷಿತವಾಗಿ ಉಳಿದರು.

ಇದು ಬರಿಯ ಔದಾರ್ಯವಲ್ಲ, ರಾಜಕೀಯ ವಿವೇಕವೂ ಹೌದು. ಕಂಪನಿಯ ಬಲ ಏನೆಂದು 1818ರಲ್ಲಿ ಹತ್ತಿರದಿಂದ ಕಂಡಿದ್ದ ರಾಣಿಗೆ ಎರಡನೆಯ ಯುದ್ಧದ ಪರಿಣಾಮದ ಅಂದಾಜು ಇದ್ದಿರಲೇಬೇಕು. ಒತ್ತೆಯಾಳುಗಳನ್ನು ಕಾಯ್ದುಕೊಂಡು ದತ್ತಕಕ್ಕೆ ಮಾನ್ಯತೆ ಪಡೆಯುವುದು, ಸಾಧ್ಯವಾದರೆ ಯುದ್ಧವನ್ನು ತಪ್ಪಿಸುವುದು ಆಕೆಯ ಯತ್ನವಾಗಿತ್ತು. ಚಾಪ್ಲಿನ್ ಸ್ವತಃ ಕಿತ್ತೂರಿನ ಕಡೆಗೆ ಬಂದನು. ಮಾತುಕತೆಗಳು ನಡೆದವು. ಯುದ್ಧ ನಿಲ್ಲುವುದೆಂಬ ನಿರೀಕ್ಷೆಯಲ್ಲಿ ಡಿಸೆಂಬರ್ 2ರಂದು ಸೆರೆಯಾಳುಗಳನ್ನು ಬಿಟ್ಟುಕೊಡಲಾಯಿತು.

ಯುದ್ಧ ನಿಲ್ಲಲಿಲ್ಲ. ಬೇರೆ ಬೇರೆ ಠಾಣ್ಯಗಳಿಂದ ಬಂದು ಸೇರಿದ್ದ ಕಂಪನಿಯ ಸೈನ್ಯ ಲೆಫ್ಟಿನೆಂಟ್ ಕರ್ನಲ್ ಡೀಕನ್‌ನ ನೇತೃತ್ವದಲ್ಲಿ ಮರುದಿನವೇ ಆಕ್ರಮಣಕ್ಕಿಳಿಯಿತು. ಕಿತ್ತೂರಿನ ಜನರ ನೆನಪಿನಲ್ಲಿ ಅದು ವಚನಭಂಗವಾಗಿಯೇ ಉಳಿದಿದೆ. ಕಾದಾಟದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್, ಥಾಮಸ್ ಮನ್ರೋನ ಸಂಬಂಧಿ ಮನ್ರೋ ಸತ್ತನು. ಆದರೆ ಭಾರಿ ಫಿರಂಗಿಗಳ ಮುಂದೆ ಕೋಟೆಯ ಗೋಡೆ ನಿಲ್ಲಲಿಲ್ಲ. ಕಿತ್ತೂರಿನ ಮದ್ದಿಗೆ ಒಳಗಿನವರೇ ಸೆಗಣಿ, ನವಣೆ ಬೆರೆಸಿದ್ದರೆಂಬ ಕಥೆಯನ್ನು ಜನ ಹೇಳುತ್ತಾರೆ. ಡಿಸೆಂಬರ್ 5ರ ಹೊತ್ತಿಗೆ ಕೋಟೆ ಕಂಪನಿಯ ವಶವಾಗಿತ್ತು. ಖಜಾನೆ ಕೈಬಿಟ್ಟಿತು. ಎರಡು ಶತಮಾನಕ್ಕೂ ಮಿಕ್ಕಿ ಬಾಳಿದ ದೇಸಗತಿ ಅಳಿಯಿತು.

ಬಿಡುಗಡೆಯಾದ ಇಲಿಯಟ್ ಮುಂದೆ ಹಲವು ವರ್ಷ ಇದೇ ಸೀಮೆಯಲ್ಲಿ ಅಧಿಕಾರಿಯಾಗಿದ್ದನು. ಕನ್ನಡ ನಾಡಿನ ನೂರಾರು ಶಾಸನಗಳ ನಕಲು ಮಾಡಿಸಿ, ದಕ್ಷಿಣ ಭಾರತದ ನಾಣ್ಯಗಳ ಕುರಿತು ಗ್ರಂಥ ರಚಿಸಿ ವಿದ್ವಾಂಸನೆಂದು ಹೆಸರಾದನು. ಕರ್ನಾಟಕದ ಪ್ರಾಚೀನ ಇತಿಹಾಸದ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬನಾದ ಈತ ಬದುಕಿ ಉಳಿದದ್ದು ಕಿತ್ತೂರಿನ ರಾಣಿಯ ಸಂಯಮದಿಂದ.

ಬೈಲಹೊಂಗಲದ ನಾಲ್ಕು ವರ್ಷ

ಸೆರೆಸಿಕ್ಕ ಚೆನ್ನಮ್ಮನನ್ನು ಸೊಸೆಯಂದಿರಾದ ವೀರಮ್ಮ ಮತ್ತು ಜಾನಕಿಬಾಯಿಯರೊಂದಿಗೆ ಬೈಲಹೊಂಗಲಕ್ಕೆ ಒಯ್ದು ಅಲ್ಲಿನ ಕೋಟೆಯಲ್ಲಿ ಬಂಧನದಲ್ಲಿ ಇರಿಸಲಾಯಿತು. ಕಿತ್ತೂರಿನಿಂದ ಅದು ಎತ್ತಿನ ಬಂಡಿಯಲ್ಲಿ ಒಂದು ದಿನದ ದಾರಿ. ಆದರೆ ಆ ದಾರಿಯಲ್ಲಿ ಮತ್ತೆ ಕಿತ್ತೂರಿಗೆ ಮರಳುವ ಭಾಗ್ಯ ಆಕೆಗೆ ಒದಗಲಿಲ್ಲ.

ಈ ನಾಲ್ಕು ವರ್ಷಗಳ ಬಗ್ಗೆ ಯುದ್ಧದ ಬಗ್ಗೆ ಇರುವಷ್ಟು ದಾಖಲೆಗಳಿಲ್ಲ. ಪೂಜೆ, ಶಿವಧ್ಯಾನ, ಧರ್ಮಗ್ರಂಥಗಳ ಪಠಣದಲ್ಲಿ ರಾಣಿ ದಿನ ಕಳೆದಳೆಂದು ಪರಂಪರೆ ಹೇಳುತ್ತದೆ. ರಾಯಣ್ಣ ವೇಷ ಮರೆಸಿ ಬಂದು ಆಕೆಯನ್ನು ಕಂಡು ಹೋಗುತ್ತಿದ್ದನೆಂದು ಲಾವಣಿಗಳು ಹಾಡುತ್ತವೆ. ಅವು ಎಷ್ಟರ ಮಟ್ಟಿಗೆ ನಿಜವಾಗಿದ್ದರೂ, ಬೈಲಹೊಂಗಲದ ಸೆರೆಯಲ್ಲಿ ರಾಣಿ ಜೀವಂತವಾಗಿ ಇದ್ದಾಳೆಂಬ ಅರಿವೇ ಸುತ್ತಲಿನ ಹಳ್ಳಿಗಳಲ್ಲಿ ಕಿತ್ತೂರಿನ ಆಸೆಯನ್ನು ಆರಲು ಬಿಡಲಿಲ್ಲ.

ರಾಜ್ಯ, ಮನೆ, ಗಂಡ, ಮಕ್ಕಳು ಎಲ್ಲವನ್ನೂ ಕಳೆದುಕೊಂಡ ಹೆಣ್ಣು, ತನ್ನಂತೆಯೇ ವಿಧವೆಯರಾದ ಸೊಸೆಯಂದಿರಿಗೆ ಧೈರ್ಯ ಹೇಳುತ್ತ ಕಾವಲಿನವರ ನಡುವೆ ನಾಲ್ಕು ವರ್ಷ ಬಾಳುವುದು ಸಾಮಾನ್ಯ ಸಂಗತಿಯಲ್ಲ. 1829ರ ಫೆಬ್ರುವರಿಯಲ್ಲಿ ಚೆನ್ನಮ್ಮ ಸೆರೆಯಲ್ಲಿಯೇ ಕೊನೆಯುಸಿರೆಳೆದಳು. ಆಗ ಆಕೆಗೆ ಸುಮಾರು 50 ವರ್ಷ. ಆಕೆಯ ಸಮಾಧಿ ಬೈಲಹೊಂಗಲದಲ್ಲಿಯೇ ಇದೆ.

ರಾಯಣ್ಣನ ದಂಗೆ, ವೀರಮ್ಮನ ಅಂತ್ಯ

ರಾಣಿಯ ಸಾವಿನೊಂದಿಗೆ ಕಿತ್ತೂರಿನ ಪ್ರಕರಣ ಮುಗಿಯಿತೆಂದು ಕಂಪನಿ ಭಾವಿಸಿದ್ದರೆ ಅದು ತಪ್ಪಾಯಿತು. ಮಲಪ್ರಭೆಯ ದಂಡೆಯ ಸಂಗೊಳ್ಳಿಯ ಶೇತಸನದಿ ರಾಯಣ್ಣ, ದತ್ತುಪುತ್ರ ಶಿವಲಿಂಗಪ್ಪನನ್ನು ಗಾದಿಗೇರಿಸುವ ಪಣ ತೊಟ್ಟನು. ಭೂಮಿ ಕಳೆದುಕೊಂಡ, ಇಲ್ಲವೆ ಹೆಚ್ಚಿನ ಕಂದಾಯದ ಹೊರೆ ಹೊತ್ತ ರೈತರು ಆತನ ಬೆನ್ನಿಗೆ ನಿಂತರು. 1830ರ ಆರಂಭದಲ್ಲಿ ಬೀಡಿಯ ಸರ್ಕಾರಿ ಕಚೇರಿಗೆ ಬೆಂಕಿ ಬಿತ್ತು. ಸಂಪಗಾವಿಯ ಕಡೆಗೂ ದಂಗೆ ಹಬ್ಬಿತು. ತಿಂಗಳುಗಟ್ಟಲೆ ಕಂಪನಿಯನ್ನು ಸತಾಯಿಸಿದ ರಾಯಣ್ಣನನ್ನು ಕೊನೆಗೆ ಹಿಡಿದುಕೊಟ್ಟದ್ದು ತನ್ನವರ ವಂಚನೆ. 1831ರ ಜನವರಿ 26ರಂದು ಖಾನಾಪುರದ ಬಳಿಯ ನಂದಗಡದಲ್ಲಿ ಆತನನ್ನು ಗಲ್ಲಿಗೇರಿಸಲಾಯಿತು.

ಈ ದಂಗೆಗೆ ಬೆಂಬಲವಿದೆ ಎಂಬ ಗುಮಾನಿಯ ಮೇಲೆ ವೀರಮ್ಮನನ್ನು ಬೈಲಹೊಂಗಲದಿಂದ ಹುಬ್ಬಳ್ಳಿ ಸಮೀಪದ ಕುಸುಗಲ್ಲಿಗೂ ಅಲ್ಲಿಂದ ಧಾರವಾಡಕ್ಕೂ ಸ್ಥಳಾಂತರಿಸಲಾಯಿತು. 1830ರಲ್ಲಿ ಆಕೆಯೂ ತೀರಿಕೊಂಡಳು. ಅತ್ತೆಯ ಸಾಹಸದ ಪ್ರಭೆಯಲ್ಲಿ ಮರೆಯಾದ ಈ ಸೊಸೆಯ ಹೆಸರು ಇಂದು ಬಹಳ ಮಂದಿಗೆ ನೆನಪಿಲ್ಲ.

ಕಿತ್ತೂರಿನಲ್ಲಿ ಎದ್ದ ಪ್ರಶ್ನೆಯೂ ಸಾಯಲಿಲ್ಲ. 34 ವರ್ಷಗಳ ನಂತರ ಅದೇ ದತ್ತಕದ ತಕರಾರು ಪಕ್ಕದ ನರಗುಂದದಲ್ಲಿ ಭುಗಿಲೆದ್ದಿತು. ದತ್ತು ಪಡೆಯಲು ಅನುಮತಿ ಸಿಗದೆ ಕುದಿಯುತ್ತಿದ್ದ ನರಗುಂದದ ಬಾಬಾಸಾಹೇಬ ಬಂಡೆದ್ದನು. ಇಂದಿನ ರಾಮದುರ್ಗ ತಾಲ್ಲೂಕಿನ ಸುರೇಬಾನದಲ್ಲಿ 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದನು. ಮರುತಿಂಗಳು ಬೆಳಗಾವಿಯಲ್ಲಿ ಬಾಬಾಸಾಹೇಬ ಗಲ್ಲಿಗೇರಿದನು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಈ ಸೀಮೆಗೆ 1857–58ರ ಕಿಚ್ಚು ಹೊರಗಿನಿಂದ ಮಾತ್ರ ಬಂದದ್ದಲ್ಲ. ಅದರ ಕಿಡಿ 1824ರಿಂದಲೇ ಬೂದಿಯ ಕೆಳಗಿತ್ತು.

ನೆನಪಿನ ಹಾದಿ

ಕಂಪನಿ ಸರ್ಕಾರ ಧಾರವಾಡದಲ್ಲಿ ಥ್ಯಾಕರೆಗೆ ಸ್ಮಾರಕ ಕಟ್ಟಿತು. ಚೆನ್ನಮ್ಮನಿಗೆ ಸ್ಮಾರಕ ಕಟ್ಟಿದವರು ಮೊದಲಿಗೆ ಲಾವಣಿಕಾರರು, ಗೀಗೀ ಮೇಳದವರು. ಜಾತ್ರೆಗಳಲ್ಲಿ, ಹಂತಿಯ ಕಣಗಳಲ್ಲಿ, ಸವದತ್ತಿ ಎಲ್ಲಮ್ಮನ ಗುಡ್ಡದ ಪರಿಷೆಗಳಲ್ಲಿ ಒಂದು ಬಾಯಿಂದ ಇನ್ನೊಂದು ಬಾಯಿಗೆ ಸಾಗಿ ಆಕೆಯ ಕಥೆ ಉಳಿಯಿತು. ನಾಟಕ ಕಂಪನಿಗಳು ಅದನ್ನು ರಂಗಕ್ಕೆ ತಂದವು. ಬಿ.ಆರ್. ಪಂತುಲು ನಿರ್ದೇಶನದ ಚಿತ್ರದಲ್ಲಿ ಬಿ. ಸರೋಜಾದೇವಿ ಚೆನ್ನಮ್ಮನಾಗಿ ಕಾಣಿಸಿಕೊಂಡ ಮೇಲೆ ಆ ರೂಪ ರಾಜ್ಯದಾದ್ಯಂತ ಮನೆಮಾತಾಯಿತು. 1977ರಲ್ಲಿ ಅಂಚೆ ಇಲಾಖೆ ಆಕೆಯ ಚೀಟಿಯನ್ನು ಹೊರತಂದಿತು. 2007ರ ಸೆಪ್ಟೆಂಬರ್ 11ರಂದು ಸಂಸತ್ ಭವನದ ಆವರಣದಲ್ಲಿ ಆಕೆಯ ಪ್ರತಿಮೆ ಅನಾವರಣಗೊಂಡಿತು. 2010ರಲ್ಲಿ ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಆಕೆಯ ಹೆಸರಿಡಲಾಯಿತು. 2024ರಲ್ಲಿ ಕಿತ್ತೂರು ವಿಜಯಕ್ಕೆ 200 ವರ್ಷ ತುಂಬಿತು.

ಕಿತ್ತೂರಿನಲ್ಲಿ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಉತ್ಸವ ನಡೆಯುತ್ತದೆ. ಪಾಳುಬಿದ್ದ ಅರಮನೆಯ ಅಡಿಪಾಯ, ಧ್ರುವನಕ್ಷತ್ರ ನೋಡಲೆಂದು ಗೋಡೆಯಲ್ಲಿ ಬಿಟ್ಟ ಕಿಂಡಿ, ವಸ್ತುಸಂಗ್ರಹಾಲಯದ ಆಯುಧಗಳನ್ನು ಕಾಣಲು ಸಾವಿರಾರು ಜನ ಬರುತ್ತಾರೆ. ಅಲ್ಲಿ ನೆನೆಯುವುದು ಗೆಲುವನ್ನು. ನೆನೆಯಬೇಕಾದದ್ದೂ ಹೌದು.

ಆದರೆ ಗೆಲುವು ಒಂದು ದಿನದ್ದು. ಸೆರೆಯಾಳುಗಳ ಜೀವ ಕಾದ 40 ದಿನಗಳು ಮತ್ತು ಸೋತ ನಂತರವೂ ತಲೆತಗ್ಗಿಸದೆ ಬಾಳಿದ ನಾಲ್ಕು ವರ್ಷಗಳು ಆ ಒಂದು ದಿನದಷ್ಟೇ ತೂಕವುಳ್ಳವು. ಕಿತ್ತೂರಿಗೆ ಹೋದವರು ಹೆದ್ದಾರಿಯನ್ನು ಬಿಟ್ಟು ಬೈಲಹೊಂಗಲದ ಸಮಾಧಿಯವರೆಗೂ ಹೋಗಿ ಬಂದರೆ, ಕುದುರೆಯ ಮೇಲಿನ ರಾಣಿಯ ಜೊತೆಗೆ ಆ ಇನ್ನೊಬ್ಬ ಚೆನ್ನಮ್ಮನನ್ನೂ ಕಂಡಂತಾಗುತ್ತದೆ.